ಟೋಟೋ ಪಾತ್ರದ ಟೆರಿ: ಸೆಟ್ಟಿನಲ್ಲಿ ಬಾಯಿ ತೆರೆಯದೆ ನಾಯಿಯನ್ನು ನಡೆಸಿದ್ದು ಹೇಗೆ?

ಪ್ರಶ್ನೆ – ಚಿತ್ರಾಸಕ್ತೆ

ಎಲ್ಲರಿಗೂ ನಮಸ್ಕಾರ. 1939ರಲ್ಲಿ ಎಂಜಿಎಂ ಸ್ಟುಡಿಯೊದಿಂದ ಬಂದ ‘ದಿ ವಿಜರ್ಡ್ ಆಫ್ ಓಜ್’ ಚಿತ್ರವನ್ನು ಹಿಂದೆ ಹಲವು ಸಲ ನೋಡಿದ್ದೆ. ಈ ಬಾರಿ ನಾಯಕಿ ಡೊರೊಥಿಯ ಪಾತ್ರ ಮಾಡಿದ ಜೂಡಿ ಗಾರ್ಲಂಡ್ ಅವರ ಮೇಲಿನ ಗಮನವನ್ನು ಬದಿಗಿಟ್ಟು, ಡೊರೊಥಿಯ ಕಾಲ ಬಳಿಯೇ ಇರುವ ಟೋಟೋ ಎಂಬ ಪುಟ್ಟ ನಾಯಿಯನ್ನು ಮಾತ್ರ ಮೊದಲಿನಿಂದ ಕೊನೆಯವರೆಗೆ ನೋಡುತ್ತಾ ಹೋಗಬೇಕೆಂದು ನಿಶ್ಚಯಿಸಿ ಕುಳಿತೆ. ಆ ನಾಯಿ ಇಲ್ಲದ ದೃಶ್ಯಗಳೇ ತೀರ ಕಡಿಮೆ ಎಂಬುದು ನನಗೆ ಈವರೆಗೆ ಹೊಳೆದಿರಲಿಲ್ಲ. ಕಥೆಯ ಮುಖ್ಯ ತಿರುವುಗಳನ್ನೂ ಅದೇ ತರುತ್ತದೆ: ತನ್ನನ್ನು ಕೊಂಡೊಯ್ಯುತ್ತಿರುವ ಮಿಸ್ ಗಲ್ಚ್‌ಳ ಬುಟ್ಟಿಯಿಂದ ಜಿಗಿದು ತಪ್ಪಿಸಿಕೊಳ್ಳುತ್ತದೆ, ಮಾಟಗಾತಿಯ ಕೋಟೆಯ ಮೇಲೇಳುತ್ತಿರುವ ಸೇತುವೆಯನ್ನು ಹಾರಿ ಗೆಳೆಯರನ್ನು ಕರೆತರುತ್ತದೆ, ಕೊನೆಗೆ ಪರದೆಯನ್ನು ಎಳೆದು ಮಾಂತ್ರಿಕನ ಗುಟ್ಟನ್ನು ಬಯಲು ಮಾಡುತ್ತದೆ.

ಆದರೆ ನನ್ನನ್ನು ಹೆಚ್ಚು ಕಾಡಿದ್ದು ಈ ಸಾಹಸಗಳಲ್ಲ. ಡೊರೊಥಿ ‘ಓವರ್ ದಿ ರೇನ್‌ಬೋ’ ಹಾಡುವಾಗ ನಾಯಿ ಅವಳ ಹತ್ತಿರ ಕುಳಿತು, ಮುಖವೆತ್ತಿ ನೋಡಿ, ಒಂದು ಹಂತದಲ್ಲಿ ಮುಂಗಾಲನ್ನು ಅವಳ ಕೈಗೆ ಕೊಡುತ್ತದಲ್ಲ, ಆ ಗಳಿಗೆ. ಅಲ್ಲಿ ಅದಕ್ಕೆ ಯಾರೋ ಹೇಳಿಕೊಡುತ್ತಿದ್ದಾರೆ ಎಂಬ ಅನುಮಾನವೇ ಬರುವುದಿಲ್ಲ.

ಟೋಟೋ ಪಾತ್ರವನ್ನು ಮಾಡಿದ್ದು ಟೆರಿ ಎಂಬ ಹೆಣ್ಣು ಕೆರ್ನ್ ಟೆರಿಯರ್ ಎಂಬಷ್ಟು ತಿಳಿದುಕೊಂಡಿದ್ದೇನೆ. ಬಲ್ಲವರಲ್ಲಿ ಮೂರು ಪ್ರಶ್ನೆಗಳಿವೆ. ಧ್ವನಿಯೂ ದಾಖಲಾಗುತ್ತಿದ್ದ ಸೆಟ್ಟಿನಲ್ಲಿ ತರಬೇತುದಾರರು ಮಾತನಾಡದೆ ನಾಯಿಯನ್ನು ನಡೆಸಿದ್ದು ಹೇಗೆ? ಟೆರಿ ಒಂದೇ ಚಿತ್ರಕ್ಕೆ ಬಂದುಹೋದ ನಾಯಿಯೇ, ಅಥವಾ ಅದಕ್ಕೊಂದು ವೃತ್ತಿಜೀವನ ಎನ್ನುವಂಥದ್ದು ಇತ್ತೇ? ಇನ್ನೊಂದು, ನಾವು ನೋಡುವುದನ್ನು ನಟನೆ ಎನ್ನಬಹುದೇ, ಅಥವಾ ಅದು ಸಂಕಲನದ ಮೇಜಿನ ಮೇಲೆ ಹುಟ್ಟಿದ ಭ್ರಮೆಯೇ?

ಉತ್ತರ 1 – ಹಳೆಯ ರೀಲು

ಟೆರಿಗೆ ವೃತ್ತಿಜೀವನವಿತ್ತು, ಅದು ಓಜ್ ಚಿತ್ರಕ್ಕಿಂತ ಐದು ವರ್ಷ ಮೊದಲೇ ಶುರುವಾಗಿತ್ತು.

ಟೆರಿ ಹುಟ್ಟಿದ್ದು 1933ರ ನವೆಂಬರ್‌ನಲ್ಲಿ. ಮನೆಯೊಳಗೆ ಮೂತ್ರ ಮಾಡುವ ಅಭ್ಯಾಸವನ್ನು ಬಿಡಿಸಲೆಂದು ಅದರ ಮೊದಲ ಯಜಮಾನರು ಅದನ್ನು ಕಾರ್ಲ್ ಸ್ಪಿಟ್ಜ್ ಅವರ ‘ಹಾಲಿವುಡ್ ಡಾಗ್ ಟ್ರೇನಿಂಗ್ ಸ್ಕೂಲ್’ಗೆ ತಂದುಬಿಟ್ಟರು. ಆಮೇಲೆ ಹಣ ಕಟ್ಟಿ ಬಿಡಿಸಿಕೊಂಡು ಹೋಗಲು ಬರಲೇ ಇಲ್ಲ. ಹೀಗೆ ಕೇಳುವವರಿಲ್ಲದೆ ಉಳಿದ ನಾಯಿ ಸ್ಪಿಟ್ಜ್ ದಂಪತಿಯದಾಯಿತು. ಹಾಲಿವುಡ್‌ನ ನಾಯಿಗಳ ಚರಿತ್ರೆಯಲ್ಲಿ ಇಂಥದ್ದು ಇದೊಂದೇ ಅಲ್ಲ. 1943ರ ‘ಲ್ಯಾಸಿ ಕಮ್ ಹೋಮ್’ ಚಿತ್ರದಲ್ಲಿ ಲ್ಯಾಸಿಯಾದ ಪ್ಯಾಲ್ ಎಂಬ, ಕಾಲಿ ತಳಿಯ ಗಂಡು ನಾಯಿ ಕೂಡ ಬೊಗಳುವ, ಮೋಟಾರ್ ಸೈಕಲ್‌ಗಳ ಹಿಂದೆ ಓಡುವ ಚಟ ಬಿಡಿಸಲೆಂದು ತರಬೇತುದಾರ ರಡ್ ವೆದರ್‌ವ್ಯಾಕ್ಸ್ ಅವರ ಬಳಿಗೆ ಬಂದು, ಸಣ್ಣದೊಂದು ಬಾಕಿ ಹಣಕ್ಕೆ ಬದಲಾಗಿ ಅವರಲ್ಲೇ ಉಳಿದದ್ದು. ಮನೆಯವರಿಗೆ ಬೇಡವಾದ ಎರಡು ನಾಯಿಗಳನ್ನು ಲೋಕವೆಲ್ಲ ಮುದ್ದಿಸಿತು ಎಂಬುದನ್ನು ನೆನೆದಾಗಲೆಲ್ಲ ನನಗೆ ಬೆರಗಾಗುತ್ತದೆ.

ಟೆರಿಯ ಮೊದಲ ಗಮನಾರ್ಹ ಪಾತ್ರ 1934ರ ‘ಬ್ರೈಟ್ ಐಸ್’ ಚಿತ್ರದ ರ‍್ಯಾಗ್ಸ್. ಜೊತೆಗಿದ್ದವಳು ಬಾಲನಟಿ ಶರ್ಲಿ ಟೆಂಪಲ್. ಆಗ ಟೆರಿಗೆ ವಯಸ್ಸು ಸುಮಾರು ಒಂದು ವರ್ಷ. 1936ರಲ್ಲಿ ಫ್ರಿಟ್ಜ್ ಲ್ಯಾಂಗ್ ನಿರ್ದೇಶಿಸಿದ ‘ಫ್ಯೂರಿ’ಯಲ್ಲಿ ಸ್ಪೆನ್ಸರ್ ಟ್ರೇಸಿ ಮಾಡಿದ ಪಾತ್ರ ಸಾಕಿಕೊಳ್ಳುವ ನಾಯಿ ಅದೇ. ಜನರ ಗುಂಪು ಸೆರೆಮನೆಗೆ ಬೆಂಕಿ ಹಚ್ಚಿದಾಗ ಅದು ಯಜಮಾನನ ಬಳಿಗೆ ಓಡಿ ಹೋಗಿ ಅಲ್ಲಿಯೇ ಸಾಯುತ್ತದೆ. ಆ ಚಿತ್ರದಲ್ಲಿ ನಾಯಿಯ ಹೆಸರು ರೇನ್‌ಬೋ ಎಂಬುದು ಕಾಕತಾಳೀಯವಾದರೂ, ಮೂರು ವರ್ಷದ ನಂತರ ಅದು ಯಾವ ಹಾಡಿನ ಪಕ್ಕದಲ್ಲಿ ಕುಳಿತಿತು ಎಂಬುದನ್ನು ಬಲ್ಲವರಿಗೆ ಮನಸ್ಸಿನಲ್ಲಿ ಉಳಿಯುವಂಥದ್ದು.

ಇನ್ನು ಮಾತಿನ ಪ್ರಶ್ನೆ. ಮೂಕಿ ಚಿತ್ರಗಳ ಕಾಲದಲ್ಲಿ ತರಬೇತುದಾರರು ಕ್ಯಾಮೆರಾದ ಪಕ್ಕದಲ್ಲೇ ನಿಂತು ಶಾಟ್ ಮುಗಿಯುವವರೆಗೂ ನಾಯಿಗೆ ಕೂಗಿ ಹೇಳುತ್ತಿರಬಹುದಿತ್ತು. ಮೊದಲ ಮಹಾಯುದ್ಧದ ಸಮಯದಲ್ಲಿ, 1918ರ ಸೆಪ್ಟೆಂಬರ್‌ನಲ್ಲಿ, ಫ್ರಾನ್ಸ್‌ನ ಫ್ಲಿರೇ ಎಂಬಲ್ಲಿ ಬಾಂಬಿಗೆ ಸಿಕ್ಕಿದ ನಾಯಿಮನೆಯಿಂದ ಅಮೆರಿಕದ ಸೈನಿಕ ಲೀ ಡಂಕನ್ ಎತ್ತಿಕೊಂಡು ಬಂದ ಮರಿಯೇ ಮುಂದೆ ರಿನ್ ಟಿನ್ ಟಿನ್ ಎಂದು ಹೆಸರಾಯಿತು. ಅದರ ಕೀರ್ತಿಯೆಲ್ಲ ಬೆಳೆದದ್ದು ಮೂಕಿಯಲ್ಲಿ. ಟಾಕಿ ಬಂದ ಕೂಡಲೇ, 1929ರಲ್ಲಿ, ವಾರ್ನರ್ ಬ್ರದರ್ಸ್ ಅದರ ಜೊತೆಗಿನ ಒಪ್ಪಂದವನ್ನು ಕೊನೆಗೊಳಿಸಿತು. ಮಾತನಾಡುವ ಚಿತ್ರಕ್ಕೆ ಮಾತನಾಡದ ನಾಯಿ ಏಕೆ ಎಂಬುದು ಸ್ಟುಡಿಯೊದ ವಾದವಾಗಿತ್ತು. ಪ್ರೇಕ್ಷಕರಿಗೆ ನಾಯಿ ಮಾತನಾಡದಿರುವುದು ಎಂದೂ ಕೊರತೆಯಾಗಿರಲಿಲ್ಲ. ನಿಜವಾದ ತೊಡಕು ತರಬೇತುದಾರರ ಕೂಗು ಮೈಕಿಗೆ ಬೀಳುತ್ತದೆ ಎಂಬುದು.

ಜರ್ಮನಿಯಿಂದ ಬಂದಿದ್ದ ಸ್ಪಿಟ್ಜ್ ಅವರ ಹಿರಿಮೆ ಇರುವುದು ಇಲ್ಲಿಯೇ. ಅವರು ತಮ್ಮ ನಾಯಿಗಳನ್ನು ಸಂಪೂರ್ಣವಾಗಿ ಕೈಸನ್ನೆಗೆ ಒಗ್ಗಿಸಿದರು. 1935ರ ‘ಕಾಲ್ ಆಫ್ ದಿ ವೈಲ್ಡ್’ ಚಿತ್ರದಲ್ಲಿ ಕ್ಲಾರ್ಕ್ ಗೇಬಲ್ ಅವರ ಜೊತೆ ಬಕ್ ಪಾತ್ರ ಮಾಡಿದ ಸೇಂಟ್ ಬರ್ನಾರ್ಡ್ ನಾಯಿಯೂ ಅವರ ಶಾಲೆಯದೇ. ಹಿಮದಲ್ಲಿ ಬಂಡಿ ಎಳೆಯುವ ದೊಡ್ಡ ನಾಯಿಗೂ, ಬುಟ್ಟಿಯಲ್ಲಿ ಹಿಡಿಸುವ ಪುಟ್ಟ ಟೆರಿಯರ್‌ಗೂ ಒಂದೇ ಮೌನದ ಭಾಷೆ.

ಉತ್ತರ 2 – ಸನ್ನೆ

ನಾಯಿಗಳಿಗೆ ತರಬೇತಿ ನೀಡುವುದು ನನ್ನ ಕೆಲಸ. ಆದ್ದರಿಂದ ಕೈಸನ್ನೆಯ ಬಗ್ಗೆ ಎರಡು ಮಾತು ಸೇರಿಸುತ್ತೇನೆ.

ಸನ್ನೆಯನ್ನು ಕಲಿಸುವುದು ಜನ ಎಣಿಸುವಷ್ಟು ಕಷ್ಟವಲ್ಲ. ನಾಯಿ ನಮ್ಮ ಮಾತಿಗಿಂತ ಮೊದಲು ನಮ್ಮ ಮೈಯನ್ನು ಓದುತ್ತದೆ. ‘ಕೂತ್ಕೊ’ ಎಂದು ಹೇಳುತ್ತಾ ಕೈಯನ್ನೂ ಎತ್ತುವ ಅಭ್ಯಾಸವಿದ್ದರೆ, ನಾಯಿ ಕಲಿತದ್ದು ಬಹುಮಟ್ಟಿಗೆ ಕೈಯನ್ನೇ ಹೊರತು ಪದವನ್ನಲ್ಲ ಎಂಬುದನ್ನು ಯಾರು ಬೇಕಾದರೂ ಪರೀಕ್ಷಿಸಿ ನೋಡಬಹುದು. ಕಷ್ಟ ಬರುವುದು ಬೇರೆ ಕಡೆಯಲ್ಲಿ. ಮಾತಾದರೆ ನಾಯಿ ಎತ್ತ ತಿರುಗಿದ್ದರೂ ಕೇಳಿಸುತ್ತದೆ. ಸನ್ನೆ ಕಾಣಬೇಕಾದರೆ ನಾಯಿ ನಮ್ಮ ಕಡೆ ನೋಡುತ್ತಿರಲೇಬೇಕು. ನಾಯಿ ತರಬೇತುದಾರನ ಕಡೆಗೇ ನೋಡುತ್ತಾ ಕುಳಿತರೆ ಪರದೆಯ ಮೇಲೆ ಅದರ ಕಣ್ಣು ಸದಾ ಚೌಕಟ್ಟಿನ ಆಚೆಗೆ ಓಡುತ್ತಿರುತ್ತದೆ, ಪಾತ್ರ ಅಲ್ಲಿಯೇ ಸತ್ತುಹೋಗುತ್ತದೆ. ಸಾಧಾರಣ ತರಬೇತಿಯ ನಾಯಿಗಳಿರುವ ಚಿತ್ರಗಳಲ್ಲಿ ಈ ಕಳ್ಳನೋಟವನ್ನು ನಾನು ಕ್ಷಣದಲ್ಲಿ ಹಿಡಿಯುತ್ತೇನೆ. ಓಜ್ ಚಿತ್ರದಲ್ಲಿಯೂ ಕೆಲವು ಕಡೆ, ಮುಖ್ಯವಾಗಿ ಹಳದಿ ಇಟ್ಟಿಗೆಯ ಹಾದಿಯಲ್ಲಿ ಪಾತ್ರಗಳು ಒಬ್ಬೊಬ್ಬರಾಗಿ ಸೇರಿಕೊಳ್ಳುವಾಗ, ಟೆರಿಯ ನೋಟ ಪಕ್ಕಕ್ಕೆ ಸರಿಯುವುದು ಕಾಣುತ್ತದೆ. ಆದರೆ ನೀವು ಹೇಳಿದ ಹಾಡಿನಲ್ಲಿ ಅದು ನೋಡುವುದು ಹುಡುಗಿಯನ್ನು.

ಇದಕ್ಕೆ ತರಬೇತುದಾರರ ಬಳಿ ಇರುವ ದಾರಿಗಳು ಕೆಲವೇ. ತರಬೇತುದಾರ ನಟಿಯ ಹಿಂದೆ, ಅದೇ ಸಾಲಿನಲ್ಲಿ ನಿಲ್ಲಬಹುದು. ಸನ್ನೆಯನ್ನು ಮೊದಲೇ ಕೊಟ್ಟು, ಅದನ್ನು ಪಾಲಿಸುವ ಮುನ್ನ ನಾಯಿ ಕೆಲವು ಕ್ಷಣ ತಡೆಯುವಂತೆ ಕಲಿಸಬಹುದು. ಇಲ್ಲವೇ ಸನ್ನೆಯನ್ನು ನಟಿಯ ಕೈಗೇ ಒಪ್ಪಿಸಬಹುದು: ಜೂಡಿ ಅಂಗೈ ಚಾಚಿದರೆ ಟೆರಿ ಕಾಲು ಕೊಡುತ್ತದೆ. ಆಗ ಆಜ್ಞೆಯೂ ಅಭಿನಯದೊಳಗೆ ಸೇರಿಹೋಗುತ್ತದೆ. ನನ್ನ ಕಣ್ಣಿಗೆ ಆ ಗಳಿಗೆ ಹೀಗೆಯೇ ಆದದ್ದೆಂದು ಕಾಣುತ್ತದೆ. ಇದು ಸಾಧ್ಯವಾಗಬೇಕಾದರೆ ನಾಯಿ ಆ ಹುಡುಗಿಯನ್ನು ತನ್ನವಳೆಂದು ಒಪ್ಪಿಕೊಂಡಿರಬೇಕು. ಹೊಸಬರ ಕೈಗೆ ನಾಯಿ ಕಾಲು ಕೊಟ್ಟೀತು. ಮೈ ಸಡಿಲಿಸಿ, ಕಿವಿ ಸಡಿಲಿಸಿ ಕೊಡುವುದಿಲ್ಲ. ಟೆರಿಯ ಕಿವಿಗಳನ್ನು ಇನ್ನೊಮ್ಮೆ ನೋಡಿ.

ಎಲ್ಲಕ್ಕಿಂತ ಕಷ್ಟದ್ದು ಏನನ್ನೂ ಮಾಡದೆ ಇರುವುದು. ಜಿಗಿಯುವುದು, ಓಡುವುದು, ಬಟ್ಟೆಯನ್ನು ಕಚ್ಚಿ ಎಳೆಯುವುದು ಟೆರಿಯರ್‌ಗೆ ರಕ್ತದಲ್ಲೇ ಬಂದದ್ದು. ಇಲಿ ಹೆಗ್ಗಣಗಳನ್ನು ಕಲ್ಲಿನ ಸಂದಿಯಿಂದ ಹೊರಗೆಳೆಯಲು ಸಾಕಿದ ತಳಿ ಅದು. ಆ ಜಾತಿಯ ನಾಯಿಯನ್ನು ದೀಪಗಳ ಶಾಖದಲ್ಲಿ, ಹತ್ತಾರು ಜನ ಕುಣಿಯುವ ಸೆಟ್ಟಿನಲ್ಲಿ, ನಿಂತ ಕಡೆ ನಿಲ್ಲಿಸುವುದೇ ನಿಜವಾದ ವಿದ್ಯೆ. ಬಣ್ಣದ ಚಿತ್ರ ತೆಗೆಯುವ ಟೆಕ್ನಿಕಲರ್ ಕ್ಯಾಮೆರಾಕ್ಕೆ ಬೇಕಾಗಿದ್ದ ಬೆಳಕಿನಿಂದ ಆ ಸೆಟ್ಟುಗಳು ಕುಲುಮೆಯಂತೆ ಕಾಯುತ್ತಿದ್ದವು. ಬಿರುಗಾಳಿಯ ದೃಶ್ಯಕ್ಕೆ ತಂದಿದ್ದ ದೊಡ್ಡ ಫ್ಯಾನುಗಳಿಗಂತೂ ಟೆರಿ ಹೆದರುತ್ತಿತ್ತು. ಹೆದರದೆ ಇರುವ ನಾಯಿ ಯಾವುದಿದೆ?

ಉತ್ತರ 3 – ಕತ್ತರಿ ಮೇಜು

ನಾನು ಸಂಕಲನ ವಿಭಾಗದಲ್ಲಿ ಕೆಲಸ ಮಾಡಿದವನು. ‘ಸನ್ನೆ’ಯವರ ಮಾತನ್ನು ಬಹುಪಾಲು ಒಪ್ಪುತ್ತೇನೆ. ಆದರೆ ಮೂರನೆಯ ಪ್ರಶ್ನೆಗೆ ‘ನಟನೆ’ ಎಂದು ಅಷ್ಟು ಬೇಗ ಉತ್ತರಿಸಲು ನನ್ನ ಮನಸ್ಸು ಒಪ್ಪುತ್ತಿಲ್ಲ.

ಕೋಟೆಯಿಂದ ಟೋಟೋ ತಪ್ಪಿಸಿಕೊಳ್ಳುವ ಭಾಗವನ್ನು ಶಾಟ್ ಶಾಟ್ ಆಗಿ ಬಿಡಿಸಿ ನೋಡಿ. ನಾಯಿ ಓಡುತ್ತದೆ, ಕಾವಲುಗಾರರು ಬೆನ್ನಟ್ಟುತ್ತಾರೆ, ಸೇತುವೆ ಏಳುತ್ತದೆ, ನಾಯಿ ಅಂಚಿನಲ್ಲಿ ತಡೆದು ನಿಂತು ಜಿಗಿಯುತ್ತದೆ. ಅಂಚಿನಲ್ಲಿ ತಡೆದದ್ದನ್ನು ನಾವು ‘ಅಳುಕು’ ಎಂದು ಓದುತ್ತೇವೆ, ಜಿಗಿದದ್ದನ್ನು ‘ಧೈರ್ಯ’ ಎಂದು ಓದುತ್ತೇವೆ. ನಾಯಿಗೆ ಅಲ್ಲಿ ಡೊರೊಥಿಯೂ ಇಲ್ಲ, ಮಾಟಗಾತಿಯೂ ಇಲ್ಲ. ಆಚೆ ಬದಿಯಲ್ಲಿ ಕಾಯುತ್ತಿರುವ ಸ್ಪಿಟ್ಜ್ ಮಾತ್ರ ಇದ್ದಾರೆ. ಅಳುಕನ್ನೂ ಧೈರ್ಯವನ್ನೂ ಹುಟ್ಟಿಸಿದ್ದು ಶಾಟ್‌ಗಳ ಜೋಡಣೆ.

ಇದಕ್ಕೆ ಇನ್ನೂ ಸ್ಪಷ್ಟವಾದ ನಿದರ್ಶನ ಸ್ಕಿಪ್ಪಿ ಎಂಬ ವೈರ್ ಫಾಕ್ಸ್ ಟೆರಿಯರ್. 1934ರ ‘ದಿ ಥಿನ್ ಮ್ಯಾನ್’ ಚಿತ್ರದಲ್ಲಿ ಆಸ್ಟಾ, 1937ರ ‘ದಿ ಆಫುಲ್ ಟ್ರೂತ್’ನಲ್ಲಿ ಮಿಸ್ಟರ್ ಸ್ಮಿತ್, 1938ರ ‘ಬ್ರಿಂಗಿಂಗ್ ಅಪ್ ಬೇಬಿ’ಯಲ್ಲಿ ಎಲುಬನ್ನು ಹೂತಿಡುವ ಜಾರ್ಜ್, ಎಲ್ಲವೂ ಅದೇ ನಾಯಿ. ಹೆನ್ರಿ ಈಸ್ಟ್ ಮತ್ತು ಅವರ ಪತ್ನಿ, ಹಿಂದೆ ಮೂಕಿ ಹಾಸ್ಯಚಿತ್ರಗಳ ನಟಿಯಾಗಿದ್ದ ಗೇಲ್ ಹೆನ್ರಿ, ಅದನ್ನು ತರಬೇತುಗೊಳಿಸಿದರು. ಸ್ಕಿಪ್ಪಿ ಕೆಲಸ ಮಾಡುತ್ತಿದ್ದುದು ಕೀಚುಗುಟ್ಟುವ ರಬ್ಬರ್ ಇಲಿಯೊಂದಕ್ಕಾಗಿ. ಅದರ ಏಕಾಗ್ರತೆ ಕೆಡುತ್ತದೆಂದು ಶಾಟ್‌ಗಳ ನಡುವೆ ಅದರ ಜೊತೆ ಆಡಲು ನಟರಿಗೆ ಅನುಮತಿಯಿರಲಿಲ್ಲ ಎಂದು ಅದರ ಸಹನಟಿ ಮಿರ್ನಾ ಲಾಯ್ ನೆನಪಿಸಿಕೊಂಡಿದ್ದಾರೆ. ಅದು ಅವರನ್ನು ಒಮ್ಮೆ ಕಚ್ಚಿಯೂ ಇತ್ತು. ಆದರೂ ಪರದೆಯ ಮೇಲೆ ಆಸ್ಟಾ ‘ದಿ ಥಿನ್ ಮ್ಯಾನ್’ ಕಥೆಯ ದಂಪತಿಯ ಮುದ್ದಿನ ನಾಯಿಯಲ್ಲ ಎಂದು ಯಾರಿಗಾದರೂ ಅನಿಸೀತೇ? ಆ ಚಿತ್ರದ ನಂತರ ಜನ ಆ ತಳಿಯನ್ನೇ ಹುಡುಕಿಕೊಂಡು ಹೋಗಿ ಸಾಕಿದರು. ನಾಯಿಗೆ ನಟರ ಮೇಲಿಲ್ಲದ ಮಮತೆಯನ್ನು ಸಂಕಲನ ನಮಗೆ ತೋರಿಸಿತು.

ಇನ್ನೊಂದು ತಾಂತ್ರಿಕ ಸಂಗತಿ. ಓಜ್ ಚಿತ್ರದ ಹಾಡುಗಳು ಮೊದಲೇ ಧ್ವನಿಮುದ್ರಣಗೊಂಡಿದ್ದವು. ಚಿತ್ರೀಕರಣದ ವೇಳೆ ಅವುಗಳನ್ನು ಸೆಟ್ಟಿನಲ್ಲಿ ನುಡಿಸಿ, ನಟರು ತುಟಿ ಹೊಂದಿಸುತ್ತಿದ್ದರು. ಅಂದರೆ ಹಾಡಿನ ಶಾಟ್‌ಗಳಲ್ಲಿ ಸೆಟ್ಟಿನ ಸದ್ದು ಅಂತಿಮ ಚಿತ್ರಕ್ಕೆ ಹೋಗುವುದೇ ಇಲ್ಲ. ಅಲ್ಲಿ ತರಬೇತುದಾರರು ಬಾಯಿ ಬಿಟ್ಟರೂ ಅಡ್ಡಿಯಿರಲಿಲ್ಲ. ಸನ್ನೆಯ ನಿಜವಾದ ಪರೀಕ್ಷೆ ಇರುವುದು ಮಾತಿನ ದೃಶ್ಯಗಳಲ್ಲಿ: ಮಿಸ್ ಗಲ್ಚ್ ಟೋಟೋವನ್ನು ಕೊಂಡೊಯ್ಯಲು ಬಂದಾಗ ಇಡೀ ಕುಟುಂಬ ವಾದಿಸುತ್ತಿರುವಲ್ಲಿ, ಅಥವಾ ಪರದೆಯ ಹಿಂದಿನ ಮಾಂತ್ರಿಕ ಮೈಕಿನಲ್ಲಿ ಗುಡುಗುತ್ತಿರುವಾಗ ಆ ಪರದೆಯತ್ತ ನಾಯಿ ತಾನಾಗಿ ನಡೆದುಹೋಗುವಲ್ಲಿ.

ಸನ್ನೆ – ಮರುಉತ್ತರ

ಕತ್ತರಿ ಮೇಜಿನವರೇ, ಹಾಡಿನ ಬಗ್ಗೆ ನೀವು ಹೇಳಿದ್ದು ನನಗೆ ಹೊಳೆದಿರಲಿಲ್ಲ, ಒಪ್ಪಿದೆ. ಆದರೆ ಸ್ಕಿಪ್ಪಿಯನ್ನೂ ಟೆರಿಯನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಡಿ ಎಂದು ಕೇಳಿಕೊಳ್ಳುತ್ತೇನೆ. ಸ್ಕಿಪ್ಪಿಗೆ ಕೊಟ್ಟದ್ದು ಹಾಸ್ಯದ ತುಣುಕುಗಳು: ಬಂದು ಮಾಡಿ ಹೋಗುವಂಥವು. ಟೆರಿಗೆ ಕೊಟ್ಟದ್ದು ಚಿತ್ರದುದ್ದಕ್ಕೂ ಒಬ್ಬ ಹುಡುಗಿಯ ಜೊತೆ ಇರುವ ಕೆಲಸ. ಅಪ್ಪುಗೆಯಲ್ಲಿ, ಬುಟ್ಟಿಯಲ್ಲಿ, ಕಾಲ ಬಳಿಯಲ್ಲಿ ತಿಂಗಳುಗಟ್ಟಲೆ ಇರುವ ನಾಯಿಯ ಸಡಿಲವಾದ ಮೈಯನ್ನು ಯಾವ ಕತ್ತರಿಯೂ ಹುಟ್ಟಿಸಲಾರದು. ನಾಯಿಗೆ ಕಥೆ ಗೊತ್ತಿಲ್ಲ, ನಿಜ. ಹುಡುಗಿ ಗೊತ್ತು.

ಉತ್ತರ 4 – ಹಳೆಯ ರೀಲು

ಈ ವಾದಕ್ಕೆ ನೆರವಾಗುವ ಒಂದು ಸಂಗತಿಯನ್ನು ಮೊದಲ ಉತ್ತರದಲ್ಲಿ ಬಿಟ್ಟಿದ್ದೆ. ಚಿತ್ರೀಕರಣ ಆರಂಭವಾದದ್ದು 1938ರ ಅಕ್ಟೋಬರ್‌ನಲ್ಲಿ; ನಿರ್ದೇಶಕರು ಒಬ್ಬರ ನಂತರ ಒಬ್ಬರು ಬದಲಾದರು. ಹೆಚ್ಚಿನ ಭಾಗವನ್ನು ಮಾಡಿದ ವಿಕ್ಟರ್ ಫ್ಲೆಮಿಂಗ್ 1939ರ ಫೆಬ್ರವರಿಯಲ್ಲಿ ‘ಗಾನ್ ವಿತ್ ದಿ ವಿಂಡ್’ ಚಿತ್ರಕ್ಕೆ ಹೊರಟುಹೋದ ಮೇಲೆ, ಡೊರೊಥಿಯ ಮನೆಯಿರುವ ಕ್ಯಾನ್ಸಸ್‌ನ ಭಾಗಗಳನ್ನು ಕಿಂಗ್ ವಿಡಾರ್ ಪೂರೈಸಿದರು. ಅಂದರೆ ಚಿತ್ರದ ಆರಂಭದಲ್ಲಿ ನಾವು ನೋಡುವ ಆ ಹಾಡಿನ ದೃಶ್ಯ ಚಿತ್ರೀಕರಣಗೊಂಡದ್ದು ಎಲ್ಲದರ ಕೊನೆಗೆ. ಅಷ್ಟು ಹೊತ್ತಿಗೆ ಜೂಡಿ ಮತ್ತು ಟೆರಿ ತಿಂಗಳುಗಟ್ಟಲೆ ಒಟ್ಟಿಗೆ ಕೆಲಸ ಮಾಡಿದ್ದರು. ಆ ಭಾಗ ಕಪ್ಪು ಬಿಳುಪಿನ ಫಿಲ್ಮಿನಲ್ಲಿ ತೆಗೆದದ್ದಾದ್ದರಿಂದ ಟೆಕ್ನಿಕಲರ್‌ನ ಉರಿಬೆಳಕೂ ಅಲ್ಲಿ ಬೇಕಾಗಿರಲಿಲ್ಲ. ಕಿವಿ ಸಡಿಲವಾಗಿದ್ದದ್ದಕ್ಕೆ ಇವೂ ಕಾರಣವಾಗಿದ್ದಿರಬೇಕು.

ಉತ್ತರ 5 – ಮೂಕಜೀವಿ

ನೀವೆಲ್ಲರೂ ಬರೆದದ್ದನ್ನು ಆಸಕ್ತಿಯಿಂದ ಓದಿದೆ. ಆದರೆ ಟೆರಿಯ ಬಗ್ಗೆ ಬರೆಯುವಾಗ ಅದೇ ವರ್ಷದ ಇನ್ನೊಂದು ಪ್ರಾಣಿಯನ್ನು ನೆನೆಯದಿರಲು ನನ್ನಿಂದಾಗುವುದಿಲ್ಲ.

1939ರ ಜನವರಿಯಲ್ಲಿ ‘ಜೆಸ್ಸಿ ಜೇಮ್ಸ್’ ಎಂಬ ಚಿತ್ರ ತೆರೆಕಂಡಿತು. ಕುದುರೆಯೊಂದು ಸವಾರನ ಸಮೇತ ಎತ್ತರದ ಬಂಡೆಯಿಂದ ನೀರಿಗೆ ಬೀಳುವ ದೃಶ್ಯ ಅದರಲ್ಲಿದೆ. ಕುದುರೆ ತಾನಾಗಿ ಹಾರಲಿಲ್ಲ. ಜಾರುವ ಇಳಿಜಾರು ಹಲಗೆಯ ಮೇಲೆ ನಿಲ್ಲಿಸಿ ಅದನ್ನು ಕೆಳಕ್ಕೆ ಜಾರಿಸಿದರು, ಅದು ಸತ್ತಿತು. ಅದಕ್ಕೂ ಮೂರು ವರ್ಷ ಮೊದಲು, 1936ರ ‘ದಿ ಚಾರ್ಜ್ ಆಫ್ ದಿ ಲೈಟ್ ಬ್ರಿಗೇಡ್’ ಚಿತ್ರದ ಯುದ್ಧದ ದೃಶ್ಯಗಳಿಗಾಗಿ ಓಡುವ ಕುದುರೆಗಳ ಕಾಲಿಗೆ ತಂತಿ ಸಿಕ್ಕಿಸಿ ಬೀಳಿಸಿದಾಗ ಹಲವು ಕುದುರೆಗಳು ಪ್ರಾಣ ಬಿಟ್ಟಿದ್ದವು. ಜನರ ಆಕ್ರೋಶದ ಫಲವಾಗಿ 1940ರಲ್ಲಿ ‘ಅಮೆರಿಕನ್ ಹ್ಯೂಮೇನ್ ಅಸೋಸಿಯೇಷನ್’ ಎಂಬ ಪ್ರಾಣಿದಯಾ ಸಂಸ್ಥೆ ಹಾಲಿವುಡ್‌ನಲ್ಲಿ ಕಚೇರಿ ತೆರೆದು, ಚಿತ್ರೀಕರಣಗಳ ಮೇಲೆ ಕಣ್ಣಿಡತೊಡಗಿತು. ಟೆರಿ ಓಜ್ ಚಿತ್ರದಲ್ಲಿ ದುಡಿದದ್ದು ಆ ಕಾವಲು ಬರುವುದಕ್ಕೆ ಮೊದಲು.

ಆ ಸೆಟ್ಟಿನಲ್ಲಿಯೂ ಟೆರಿಗೆ ಪೆಟ್ಟಾಗಿತ್ತು. ಮಾಟಗಾತಿಯ ಕಾವಲುಪಡೆಯ ವೇಷದಲ್ಲಿದ್ದ ಒಬ್ಬರು ಅರಿಯದೆ ಅದರ ಕಾಲನ್ನು ತುಳಿದರು. ಅದು ಚೇತರಿಸಿಕೊಳ್ಳುವವರೆಗೆ ಬದಲಿ ನಾಯಿಯನ್ನು ಬಳಸಬೇಕಾಯಿತು. ಟೆರಿಗೆ ಚಿಕಿತ್ಸೆಯೂ ವಿಶ್ರಾಂತಿಯೂ ಸಿಕ್ಕಿತು. ಏಕೆಂದರೆ ಅದಕ್ಕೊಂದು ಹೆಸರಿತ್ತು, ಒಬ್ಬ ಯಜಮಾನನಿದ್ದ, ವಾರಕ್ಕೆ 125 ಡಾಲರ್ ಸಂಬಳವಿತ್ತು, ಅದಿಲ್ಲದೆ ಕೆಲಸ ಮುಂದುವರಿಸುವುದು ಕಷ್ಟವಿತ್ತು. ಬಂಡೆಯಿಂದ ಬಿದ್ದ ಕುದುರೆಯ ಹೆಸರು ಎಲ್ಲಿಯೂ ಇಲ್ಲ. ನಟ ಎನ್ನಿಸಿಕೊಂಡ ಪ್ರಾಣಿ ಬದುಕಿತು, ಸಾಮಗ್ರಿ ಎನ್ನಿಸಿಕೊಂಡ ಪ್ರಾಣಿ ಸತ್ತಿತು. ಆದ್ದರಿಂದ ‘ಇದು ನಟನೆಯೇ’ ಎಂಬ ಪ್ರಶ್ನೆ ನನಗೆ ಬರೀ ಸೌಂದರ್ಯಶಾಸ್ತ್ರದ ಪ್ರಶ್ನೆಯಾಗಿ ಕಾಣುವುದಿಲ್ಲ.

ಚಿತ್ರಾಸಕ್ತೆ – ಮರುಮಾತು

ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು. ಹಾಡಿನ ದೃಶ್ಯವನ್ನು ಮತ್ತೆ ನೋಡಿದೆ. ಕಿವಿಗಳು ನಿಜಕ್ಕೂ ಸಡಿಲವಾಗಿವೆ. ಕೋಟೆಯ ಭಾಗವನ್ನೂ ಶಾಟ್ ಶಾಟ್ ಆಗಿ ನೋಡಿದೆ. ಕತ್ತರಿ ಮೇಜಿನವರು ಹೇಳಿದಂತೆ ಅಲ್ಲಿ ಭಾವ ಹುಟ್ಟುವುದು ಜೋಡಣೆಯಿಂದಲೇ ಎಂದು ನನಗೂ ಅನಿಸಿತು. ಒಂದೇ ನಾಯಿಯ ಒಂದೇ ಚಿತ್ರದಲ್ಲಿ ಎರಡೂ ಇವೆ ಎಂದು ಸದ್ಯಕ್ಕೆ ತಿಳಿದುಕೊಂಡಿದ್ದೇನೆ. ‘ಮೂಕಜೀವಿ’ಯವರು ಬರೆದದ್ದನ್ನು ಓದಿದ ಮೇಲೆ ಆ ಕುದುರೆಯನ್ನು ಮನಸ್ಸಿನಿಂದ ತೆಗೆಯಲಾಗುತ್ತಿಲ್ಲ.

ಓಜ್ ಚಿತ್ರದ ನಂತರ ಟೆರಿ ಏನಾಯಿತು ಎಂಬುದನ್ನು ‘ಹಳೆಯ ರೀಲು’ ಅವರು ದಯವಿಟ್ಟು ತಿಳಿಸಬಹುದೇ?

ಉತ್ತರ 6 – ಹಳೆಯ ರೀಲು

ಕೆಲಸ ಮುಂದುವರಿಯಿತು, ಪಾತ್ರಗಳು ಸಣ್ಣವಾದವು. ಅದೇ ವರ್ಷದ ‘ದಿ ವಿಮೆನ್’ ಚಿತ್ರದಲ್ಲಿ ಟೆರಿ ಇದೆ. ನೀವು ಹುಡುಕಿ ನೋಡಬೇಕಾದದ್ದು 1942ರ ‘ಟೋರ್ಟಿಯಾ ಫ್ಲ್ಯಾಟ್’. ಅದರಲ್ಲಿ ನಾಯಿಗಳ ಹಿಂಡನ್ನು ಸಾಕಿಕೊಂಡಿರುವ ಬಡ ಮುದುಕನ ಪಾತ್ರ ಮಾಡಿದವರು ಫ್ರ್ಯಾಂಕ್ ಮಾರ್ಗನ್, ಅಂದರೆ ಓಜ್‌ನ ಮಾಂತ್ರಿಕ. ನಿರ್ದೇಶಕರು ವಿಕ್ಟರ್ ಫ್ಲೆಮಿಂಗ್. ‘ಫ್ಯೂರಿ’ಯಲ್ಲಿ ಟೆರಿಯ ಯಜಮಾನನಾಗಿದ್ದ ಸ್ಪೆನ್ಸರ್ ಟ್ರೇಸಿಯೂ ಇದ್ದಾರೆ. ಆ ಹಿಂಡಿನಲ್ಲಿ ಟೆರಿಯೂ ಒಂದು. ಪರದೆ ಎಳೆದು ಯಾರ ಗುಟ್ಟನ್ನು ಬಯಲು ಮಾಡಿತ್ತೋ ಅವರ ಬಳಿಯಲ್ಲೇ ಮೂರು ವರ್ಷದ ನಂತರ ಅದು ಕುಳಿತಿರುವುದನ್ನು ನೋಡುವಾಗ ನನಗಾಗುವ ಸಂತೋಷವನ್ನು ಇಲ್ಲಿ ಮುಚ್ಚಿಡಲು ಇಷ್ಟಪಡುವುದಿಲ್ಲ. ಓಜ್ ಚಿತ್ರದ ಖ್ಯಾತಿಯಿಂದಾಗಿ ಅಷ್ಟು ಹೊತ್ತಿಗೆ ಅದರ ಹೆಸರನ್ನೇ ಟೋಟೋ ಎಂದು ಬದಲಿಸಲಾಗಿತ್ತು.

1945ರ ಸೆಪ್ಟೆಂಬರ್ 1ರಂದು ಟೆರಿ ತೀರಿಕೊಂಡಿತು. ವಯಸ್ಸು ಹನ್ನೊಂದು. ಚಿತ್ರಗಳಲ್ಲಿ ನಟಿಸಿದ ಪ್ರಾಣಿಗಳಿಗೆಂದೇ ‘ಪ್ಯಾಟ್ಸಿ’ ಪ್ರಶಸ್ತಿ ಆರಂಭವಾದದ್ದು 1951ರಲ್ಲಿ. ಮೊದಲ ವರ್ಷ ಅದು ಫ್ರಾನ್ಸಿಸ್ ಎಂಬ ಹೇಸರಗತ್ತೆಗೆ ಹೋಯಿತು. ಹಾಲಿವುಡ್‌ನ ‘ವಾಕ್ ಆಫ್ ಫೇಮ್’ನಲ್ಲಿ ನಕ್ಷತ್ರ ಪಡೆದ ನಾಯಿಗಳು ಸ್ಟ್ರಾಂಗ್‌ಹಾರ್ಟ್, ರಿನ್ ಟಿನ್ ಟಿನ್ ಮತ್ತು ಲ್ಯಾಸಿ. ಟೆರಿಗೆ ಅಲ್ಲಿ ಜಾಗವಿಲ್ಲ.

ಸ್ಪಿಟ್ಜ್ ಅದನ್ನು ಸ್ಟುಡಿಯೊ ಸಿಟಿ ಎಂಬ ಪ್ರದೇಶದಲ್ಲಿದ್ದ ತಮ್ಮ ಶಾಲೆಯ ನೆಲದಲ್ಲೇ ಹೂತಿದ್ದರು. 1958ರಲ್ಲಿ ವೆಂಚುರಾ ಫ್ರೀವೇ ರಸ್ತೆ ಆ ಜಾಗದ ಮೇಲೆ ಹಾದುಹೋಗಿ ಸಮಾಧಿ ಅಳಿಸಿಹೋಯಿತು. ಅಭಿಮಾನಿಗಳ ಪ್ರಯತ್ನದಿಂದ 2011ರ ಜೂನ್‌ನಲ್ಲಿ ಹಾಲಿವುಡ್ ಫಾರೆವರ್ ಸ್ಮಶಾನದಲ್ಲಿ ಟೆರಿಗೊಂದು ಸ್ಮಾರಕ ನಿಂತಿತು. ಮೂಳೆಗಳು ಈಗಲೂ ರಸ್ತೆಯ ಕೆಳಗೆಲ್ಲೋ ಇರಬಹುದು.